ಮನೆಯಿಂದ ಬಂದವಳನ್ನು ಬಾಗಿಲಲ್ಲಿ ಬೈಯಬೇಡಿ: ಹೆರಿಗೆ ಆಸ್ಪತ್ರೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಹೆರಿಗೆ ಆಸ್ಪತ್ರೆಗಳ ಮುಖ್ಯಸ್ಥರಿಗೆ, ಅಲ್ಲಿನ ಡಾಕ್ಟರುಗಳಿಗೆ, ಲೇಬರ್ ವಾರ್ಡಿನ ಸಿಸ್ಟರುಗಳಿಗೆ ನಮಸ್ಕಾರ.

ಹೆರಿಗೆ ಮಾಡಿಸಲು ತರಬೇತಿ ಪಡೆದ ಮಿಡ್‌ವೈಫ್ ಜೊತೆ ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳುತ್ತೇನೆ ಎಂದು ಬಸುರಿಯೊಬ್ಬಳು ಬಾಯಿಬಿಟ್ಟರೆ ನಿಮ್ಮಲ್ಲಿ ಸಾಮಾನ್ಯವಾಗಿ ಎರಡೇ ಉತ್ತರ ಸಿಗುತ್ತವೆ. ಒಂದು, 'ತಲೆ ಕೆಟ್ಟಿದೆಯಾ ನಿಮಗೆ?' ಇನ್ನೊಂದು, 'ನಿಮ್ಮಿಷ್ಟ, ಆಮೇಲೆ ಏನಾದರೂ ಆದರೆ ನಮ್ಮ ಹತ್ತಿರ ಬರಬೇಡಿ.' ಮೊದಲನೆಯದನ್ನು ಹೆಂಗಸರು ಹೇಗೋ ನುಂಗಿಕೊಳ್ಳುತ್ತಾರೆ. ಜೀವಕ್ಕೆ ಕುತ್ತು ತರುವುದು ಎರಡನೆಯದು. ನಾನು ಬರೆಯುತ್ತಿರುವುದು ಅದರ ಬಗ್ಗೆ.

ನಾನು ಡಾಕ್ಟರ್ ಅಲ್ಲ, ಮಿಡ್‌ವೈಫ್ ಕೂಡ ಅಲ್ಲ. ನನ್ನ ಇಬ್ಬರು ಮಕ್ಕಳೂ ಆಸ್ಪತ್ರೆಯಲ್ಲೇ ಹುಟ್ಟಿದವರು. ನನ್ನ ತಂಗಿ ಎರಡನೆಯ ಮಗುವನ್ನು ಮನೆಯಲ್ಲಿ ಹೆತ್ತಳು. ಅವಳು ನಿರ್ಧಾರ ಮಾಡುವ ಮೊದಲು ನಾವಿಬ್ಬರೂ ಕೂತು ಸಿಕ್ಕಿದ್ದೆಲ್ಲ ಓದಿದೆವು, ಜಗಳವನ್ನೂ ಆಡಿದೆವು. ಮನೆಯೇ ಮೇಲು ಎಂದು ವಾದಿಸುವ ಉದ್ದೇಶ ನನಗಿಲ್ಲ. 'ಹಿಂದಿನ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಹೆರುತ್ತಿರಲಿಲ್ವಾ' ಎನ್ನುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಹೆರುತ್ತಿದ್ದರು, ಸಾಯುತ್ತಲೂ ಇದ್ದರು.

ಒಂದು ವಿಷಯ ಮೊದಲೇ ಬಿಡಿಸಿ ಹೇಳಿಬಿಡುತ್ತೇನೆ. ಆಸ್ಪತ್ರೆ ಮುಟ್ಟಲಾಗದೆ, ತರಬೇತಿ ಇಲ್ಲದವರ ಕೈಯಲ್ಲಿ ಮನೆಯಲ್ಲಿ ಆಗಿಹೋಗುವ ಹೆರಿಗೆ ಬೇರೆ. ಒಂಬತ್ತು ತಿಂಗಳೂ ತಪಾಸಣೆ ಮಾಡಿಸಿಕೊಂಡು, ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಓದಿ ಕಲಿತ ಮಿಡ್‌ವೈಫ್ ಜೊತೆ, ಹೆಚ್ಚುಕಮ್ಮಿ ಆದರೆ ಯಾವ ಆಸ್ಪತ್ರೆಗೆ ಓಡಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಮಾಡಿಸಿಕೊಳ್ಳುವ ಹೆರಿಗೆ ಬೇರೆ. ನನ್ನ ಮಾತೆಲ್ಲ ಈ ಎರಡನೆಯದರ ಬಗ್ಗೆ. ಹೊಟ್ಟೆಯಲ್ಲಿ ಅವಳಿ ಇದ್ದರೆ, ಮಗುವಿನ ತಲೆ ಕೆಳಗೆ ಬರದೇ ಇದ್ದರೆ, ಹಿಂದಿನದು ಸಿಸೇರಿಯನ್ ಆಗಿದ್ದರೆ ಮನೆಯ ಯೋಚನೆಯೇ ಬೇಡ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ಬಿಪಿ ಏರಿದವರಿಗೆ, ದಿನ ತುಂಬುವ ಮೊದಲೇ ನೋವು ಶುರುವಾದವರಿಗೆ ಆಸ್ಪತ್ರೆಯೇ ಸರಿ. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಇನ್ನು ಅಂಕಿಗಳಿಗೆ ಬರೋಣ. ನೀವು ನಿಮಗೆ ಅನುಕೂಲವಾದ ಅಂಕಿ ಹೇಳುತ್ತೀರಿ, ಮನೆ ಹೆರಿಗೆಯವರು ಅವರಿಗೆ ಬೇಕಾದ್ದನ್ನು ಹೇಳುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಕಡಿಮೆ.

ಇಂಗ್ಲೆಂಡಿನಲ್ಲಿ ತೊಂದರೆಯ ಲಕ್ಷಣ ಇಲ್ಲದ ಸುಮಾರು 64,500 ಬಸುರಿಯರ ಹೆರಿಗೆಗಳನ್ನು ನೋಡಿದ ದೊಡ್ಡ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಎರಡನೆಯ ಅಥವಾ ಅದರ ನಂತರದ ಹೆರಿಗೆಯಾದರೆ ಮನೆ, ಆಸ್ಪತ್ರೆ ಎರಡರ ನಡುವೆ ಮಗುವಿನ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಕಂಡಿತು. ಡಾಕ್ಟರುಗಳ ವಾರ್ಡಿನಲ್ಲಿ ಸಾವಿರಕ್ಕೆ 5.3 ಮಕ್ಕಳಿಗೆ ಗಂಭೀರ ತೊಂದರೆಯಾದರೆ, ಮನೆಯಲ್ಲೇ ಎಂದು ಶುರುಮಾಡಿದವರಲ್ಲಿ ಅದು ಸಾವಿರಕ್ಕೆ 9.3. ಗಂಭೀರ ತೊಂದರೆ ಎಂದರೆ ಎಲ್ಲವೂ ಸಾವಲ್ಲ. ಆಕ್ಸಿಜನ್ ಸಾಲದೆ ಮಿದುಳಿಗೆ ಪೆಟ್ಟಾಗುವುದು, ಹೊಟ್ಟೆಯೊಳಗೆ ಮಾಡಿದ ಮಲ ಮಗುವಿನ ಶ್ವಾಸಕೋಶಕ್ಕೆ ಹೋಗುವುದು, ಹುಟ್ಟುವಾಗ ಮೂಳೆ ಮುರಿಯುವುದು, ಇವೂ ಆ ಲೆಕ್ಕದಲ್ಲಿ ಸೇರಿವೆ.

ಇದು ಸಣ್ಣ ವ್ಯತ್ಯಾಸವೋ ದೊಡ್ಡದೋ? ಎರಡೂ ಕಡೆ ಸಾವಿರದಲ್ಲಿ 990 ಮಕ್ಕಳು ಚೆನ್ನಾಗಿಯೇ ಹುಟ್ಟಿದರು ಎಂದು ಒಬ್ಬಳು ಹೇಳಬಹುದು. ಮನೆಯಲ್ಲಿ ಹೆಚ್ಚಾದ ಆ ನಾಲ್ಕರಲ್ಲಿ ನನ್ನ ಮಗುವೇ ಇದ್ದರೆ ಎಂದು ಇನ್ನೊಬ್ಬಳು ಕೇಳಬಹುದು. ಇಬ್ಬರೂ ತಪ್ಪು ಹೇಳುತ್ತಿಲ್ಲ. ನನ್ನನ್ನು ಕೇಳಿದರೆ, ಚೊಚ್ಚಲ ಹೆರಿಗೆಯನ್ನು ಮನೆಯಲ್ಲಿ ಮಾಡಿಸಿಕೊಳ್ಳಲು ನನಗೆ ಧೈರ್ಯ ಸಾಲದು. ತಂಗಿಗೂ ಅದನ್ನೇ ಹೇಳಿದ್ದೆ. ಅವಳದು ಎರಡನೆಯದಾಗಿತ್ತು, ಹಾಗಾಗಿ ಸುಮ್ಮನಾದೆ.

ಅದೇ ಅಧ್ಯಯನದ ಇನ್ನೊಂದು ಮುಖವನ್ನು ನೀವು ಹೇಳುವುದೇ ಇಲ್ಲ. ಮನೆಯಲ್ಲೇ ಎಂದು ಹೊರಟವರಲ್ಲಿ ಸಿಸೇರಿಯನ್ ಆಗಿದ್ದು ನೂರಕ್ಕೆ 2.8. ಅಷ್ಟೇ ಆರೋಗ್ಯವಾಗಿದ್ದು ಡಾಕ್ಟರುಗಳ ವಾರ್ಡಿಗೆ ಹೋದವರಲ್ಲಿ 11.1. ಹೊಟ್ಟೆ ಕೊಯ್ದ ಗಾಯ ಅಲ್ಲಿಗೇ ಮುಗಿಯುವುದಿಲ್ಲ, ಮುಂದಿನ ಬಸಿರಿಗೂ ಅದರ ಅಪಾಯ ಹೋಗುತ್ತದೆ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಆಸ್ಪತ್ರೆ ಎಂದರೆ ಅಪಾಯವೇ ಇಲ್ಲ, ಮನೆ ಎಂದರೆ ಬರೀ ಅಪಾಯ ಎನ್ನುವುದು ಪೂರ್ತಿ ನಿಜವಲ್ಲ. ಒಂದು ಕಡೆ ಮಗುವಿಗೆ ಅಪರೂಪದ, ಆದರೆ ಭಾರೀ ಅಪಾಯ. ಇನ್ನೊಂದು ಕಡೆ ತಾಯಿಗೆ ಅಷ್ಟು ಭಾರೀ ಅಲ್ಲದ, ಆದರೆ ಜಾಸ್ತಿ ಜನರಿಗೆ ಆಗುವ ಅಪಾಯ. ತೂಗುವವಳು ಇವೆರಡನ್ನೂ ತೂಗುತ್ತಾಳೆ. ತೂಗಿ ನೋಡುವುದಕ್ಕೇ 'ಹಠ' ಎಂದು ಹೆಸರಿಟ್ಟರೆ ಹೇಗೆ?

ಬೇರೆ ದೇಶಗಳ ಲೆಕ್ಕ ತೆಗೆದರೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಗೂ ಆಸ್ಪತ್ರೆಗೂ ಮಕ್ಕಳ ಸಾವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2012 ಮತ್ತು 2013ರ ಹೆರಿಗೆಗಳನ್ನು ನೋಡಿದಾಗ ಆಸ್ಪತ್ರೆ ಎಂದುಕೊಂಡವರಲ್ಲಿ ಮಕ್ಕಳ ಸಾವು ಸಾವಿರಕ್ಕೆ 1.8, ಮನೆ ಅಥವಾ ಹೊರಗಿನ ಹೆರಿಗೆ ಕೇಂದ್ರ ಎಂದುಕೊಂಡವರಲ್ಲಿ 3.9. ಎರಡರಷ್ಟು!

ಹೆಂಗಸಿನ ದೇಹ ಎಲ್ಲ ಕಡೆಯೂ ಒಂದೇ ಅಲ್ವಾ? ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ನನಗೆ ಕಂಡಿದ್ದು ಇಷ್ಟು. ನೆದರ್‌ಲ್ಯಾಂಡ್ಸ್‌ನಲ್ಲಿ ಮಿಡ್‌ವೈಫ್ ಆಗಲು ನಾಲ್ಕು ವರ್ಷ ಓದಬೇಕು. ಯಾವ ಲಕ್ಷಣ ಕಂಡರೆ ಯಾವಾಗ ಡಾಕ್ಟರಿಗೆ ಒಪ್ಪಿಸಬೇಕು ಎಂದು ಬರೆದಿಟ್ಟ ಪಟ್ಟಿ ಇದೆ. ಅದನ್ನು ಡಾಕ್ಟರುಗಳೂ ಮಿಡ್‌ವೈಫ್‌ಗಳೂ ಒಟ್ಟಿಗೆ ಒಪ್ಪಿಕೊಂಡಿದ್ದಾರೆ. ಕೆನಡಾದ ಒಂಟೇರಿಯೊದಲ್ಲೂ ಮನೆಗೂ ಆಸ್ಪತ್ರೆಗೂ ಮಗುವಿನ ಸಾವಿನಲ್ಲಿ ವ್ಯತ್ಯಾಸ ಕಂಡಿಲ್ಲ. ಅಲ್ಲಿ ಮನೆಯಲ್ಲಿ ಹೆರಿಗೆ ಮಾಡಿಸುವ ಮಿಡ್‌ವೈಫೇ ಆಸ್ಪತ್ರೆಯಲ್ಲೂ ಮಾಡಿಸುತ್ತಾಳೆ. ಮನೆಯಿಂದ ಆಸ್ಪತ್ರೆಗೆ ಹೊರಟರೆ ಜೊತೆಗೇ ಒಳಗೆ ಬರುತ್ತಾಳೆ. ಅಲ್ಲಿನ ಡಾಕ್ಟರುಗಳಿಗೆ ಅವಳ ಹೆಸರು, ಮುಖ ಗೊತ್ತು. ಒರೆಗಾನ್‌ನಲ್ಲಿ ಆ ವರ್ಷಗಳಲ್ಲಿ ಲೈಸೆನ್ಸ್ ಇಲ್ಲದವರೂ ಮಿಡ್‌ವೈಫ್ ಕೆಲಸ ಮಾಡಬಹುದಿತ್ತು. ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆ ಹೆರಿಗೆ ಎಷ್ಟು ಸುರಕ್ಷಿತ ಎನ್ನುವುದು ಮನೆಯೊಳಗೆ ಮಾತ್ರ ತೀರ್ಮಾನ ಆಗುವುದಿಲ್ಲ. ಅರ್ಧ ತೀರ್ಮಾನ ಆಗುವುದು ನಿಮ್ಮ ಬಾಗಿಲಲ್ಲಿ.

ಯಾಕೆಂದರೆ ಬರುವವರು ಒಬ್ಬರಿಬ್ಬರಲ್ಲ. ಇಂಗ್ಲೆಂಡಿನ ಅದೇ ಅಧ್ಯಯನದಲ್ಲಿ, ಮನೆಯಲ್ಲೇ ಎಂದು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಜನ ಹೆರಿಗೆಯ ನಡುವೆಯೋ ಹೆರಿಗೆ ಆದ ಕೂಡಲೇಯೋ ಆಸ್ಪತ್ರೆಗೆ ಹೋದರು. ಮೊದಲೇ ಹೆತ್ತವರಲ್ಲಿ ನೂರಕ್ಕೆ 12. ಹೆಚ್ಚಿನವರು ಹೋಗಿದ್ದು ಪ್ರಾಣಕ್ಕೆ ಬಂತು ಎಂದಲ್ಲ. ನೋವು ಇದೆ, ಹೆರಿಗೆ ಮುಂದಕ್ಕೆ ಹೋಗುತ್ತಿಲ್ಲ, ಅಥವಾ ನೋವು ತಡೆಯಲು ಆಗುತ್ತಿಲ್ಲ, ಬೆನ್ನಿಗೆ ಇಂಜೆಕ್ಷನ್ ಬೇಕು, ಇಂಥವೇ ಜಾಸ್ತಿ. ಅಂದರೆ ಮನೆ ಹೆರಿಗೆ ಎನ್ನುವುದು ಆಸ್ಪತ್ರೆ ಬೇಡ ಎನ್ನುವ ಮಾತೇ ಅಲ್ಲ. ಆಸ್ಪತ್ರೆ ಇದೆ ಎನ್ನುವ ಧೈರ್ಯದ ಮೇಲೇ ಅದು ನಿಂತಿರುವುದು.

ಒಳ್ಳೆಯ ಮಿಡ್‌ವೈಫ್ ಏನು ಮಾಡುತ್ತಾಳೆ ಎಂದು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ತಂಗಿಯ ಹೊಟ್ಟೆಯ ಮೇಲೆ ಕೈಯಲ್ಲಿ ಹಿಡಿಯುವ ಡಾಪ್ಲರ್ ಇಟ್ಟು ಕಾಲು ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳುತ್ತಿದ್ದರು. ನೋವು ಇಳಿದ ಕೂಡಲೇ, ಪೂರ್ತಿ ಒಂದು ನಿಮಿಷ, ಗಡಿಯಾರ ನೋಡಿಕೊಂಡು. ಮುಕ್ಕುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ. ಪ್ರತಿ ಸಲವೂ ಬರೆದಿಡುತ್ತಿದ್ದರು. ಅವರ ಬ್ಯಾಗಿನಲ್ಲಿ ಬಿಪಿ ಮೆಷಿನ್, ಡ್ರಿಪ್ ಸೆಟ್, ಹೊಲಿಗೆ ಸಾಮಾನು, ರಕ್ತಸ್ರಾವ ನಿಲ್ಲಿಸಲು ತಂಪಿನ ಡಬ್ಬಿಯಲ್ಲಿಟ್ಟ ಆಕ್ಸಿಟೋಸಿನ್ ಇದ್ದವು. ಕಿಟಕಿ ಪಕ್ಕದ ಮೇಜಿನ ಮೇಲೆ ಬೆಚ್ಚನೆ ಬಟ್ಟೆ ಹಾಸಿ, ಅಂಗೈಯಷ್ಟು ಮಾಸ್ಕ್ ಇರುವ ಗಾಳಿ ಒತ್ತುವ ಚೀಲವನ್ನು ಮೊದಲೇ ತೆಗೆದು ಜೋಡಿಸಿದ್ದರು. 'ಇದು ಯಾಕೆ ಈಗಲೇ?' ಎಂದೆ. 'ಬೇಕಾದಾಗ ಹುಡುಕಲು ಟೈಮ್ ಇರಲ್ಲ' ಎಂದರು. ನೂರು ಮಕ್ಕಳಲ್ಲಿ ಹತ್ತಕ್ಕೆ ಮೊದಲ ಉಸಿರಿಗೆ ಏನಾದರೂ ಸಹಾಯ ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ, ಬೆನ್ನು ತಿಕ್ಕಿ, ಬೇಕಾದರೆ ಚೀಲದಿಂದ ಗಾಳಿ ಕೊಟ್ಟರೆ ಸಾಕು. ಅದಕ್ಕಿಂತ ದೊಡ್ಡ ಚಿಕಿತ್ಸೆ ಬೇಕಾಗುವುದು ನೂರಕ್ಕೆ ಒಂದು ಮಗುವಿಗೂ ಇಲ್ಲ.

ಅವರ ಕೈಲಿ ಆಗದ್ದೂ ಇದೆ. ಆ ಬ್ಯಾಗಿನಲ್ಲಿ ರಕ್ತದ ಬಾಟಲಿ ಇಲ್ಲ. ಆಪರೇಷನ್ ಥಿಯೇಟರ್ ಇಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಹೆರಿಗೆ ಆದ ಮೇಲೆ ಅದು ಮುದುಡಿಕೊಳ್ಳದೆ ಹೋದರೆ ಏನಾಗುತ್ತದೆ ಎಂದು ಲೆಕ್ಕ ಹಾಕಲು ಗಣಿತ ಬರಬೇಕಿಲ್ಲ. ಪ್ರಪಂಚದಲ್ಲಿ ಪ್ರತಿ ವರ್ಷ ಹತ್ತಾರು ಸಾವಿರ ತಾಯಂದಿರು ಹೆರಿಗೆಯ ನಂತರದ ರಕ್ತಸ್ರಾವದಿಂದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಜೆಕ್ಷನ್ ಕೊಟ್ಟು, ಹೊಟ್ಟೆ ತಿಕ್ಕಿ, ಡ್ರಿಪ್ ಹಾಕಿ ಮಿಡ್‌ವೈಫ್ ಸಮಯ ಗಳಿಸಿಕೊಡುತ್ತಾಳೆ. ಗಳಿಸಿದ ಆ ಸಮಯವನ್ನು ನಿಮ್ಮ ಕೌಂಟರಿನಲ್ಲಿ ಕಳೆದರೆ?

ಈಗ ತಂಗಿಯ ವಿಷಯ. ಮಗು ಚೆನ್ನಾಗಿಯೇ ಹುಟ್ಟಿತು, ಅತ್ತಿತು, ಹಾಲನ್ನೂ ಕುಡಿಯಿತು. ಮಾಸು ಮಾತ್ರ ಬೀಳಲಿಲ್ಲ. ಇಂಜೆಕ್ಷನ್ ಆಯಿತು, ಕಾದದ್ದಾಯಿತು. ರಕ್ತ ಸ್ವಲ್ಪ ಜಾಸ್ತಿ ಹೋಗುತ್ತಿದೆ ಅನ್ನಿಸಿದ ಕೂಡಲೇ ಮಿಡ್‌ವೈಫ್ 'ಹೊರಡೋಣ' ಎಂದರು. ದೂರ ಇರಲಿಲ್ಲ, ಬೇಗ ತಲುಪಿದೆವು. ತಡ ಆಗಿದ್ದು ಅಲ್ಲಿಂದ ಮುಂದೆ. 'ಮನೇಲಿ ಹೆರಿಗೆ ಮಾಡ್ಕೊಂಡ್ರಾ? ಈಗ ಯಾಕೆ ಬಂದ್ರಿ?' ಎನ್ನುವುದು ಒಳಗೆ ಹೋದಾಗ ಕೇಳಿದ ಮೊದಲ ಮಾತು. ಸ್ಟ್ರೆಚರ್ ಮೇಲೆ ಮಲಗಿ ಚಳಿಗೆ ನಡುಗುತ್ತಿದ್ದವಳನ್ನು 'ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಎಷ್ಟು ಹೊತ್ತಿಗೆ?' ಎಂದು ಕೇಳಿದರು. ಅವಳಿಗೇನು ಗೊತ್ತು? ಎಲ್ಲ ಬರೆದ ಹಾಳೆ ಹಿಡಿದುಕೊಂಡು ಮಿಡ್‌ವೈಫ್ ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಬಿಡಲಿಲ್ಲ. ಹೋದ ರಕ್ತದ ಅಂದಾಜು, ಬಿಪಿ, ನಾಡಿ, ಇಂಜೆಕ್ಷನ್ ಕೊಟ್ಟ ಗಂಟೆ ನಿಮಿಷ ಎಲ್ಲ ಆ ಹಾಳೆಯಲ್ಲಿತ್ತು. ಕೊನೆಗೆ ನಾನೇ ಅದನ್ನು ಕಿತ್ತುಕೊಂಡು ಹೋಗಿ ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿದರು, ಒಂದು ಮಾತೂ ಆಡದೆ ಕೆಲಸ ಶುರುಮಾಡಿದರು, ಚೆನ್ನಾಗಿ ಮಾಡಿದರು. ಅವರ ಋಣ ನಮ್ಮ ಮೇಲಿದೆ. ಆದರೆ ಆ ಹಾಳೆ ಬಾಗಿಲಿಂದ ಒಳಗೆ ಹೋಗಲು ಬಾಣಂತಿಯ ಅಕ್ಕ ಜಗಳ ಆಡಬೇಕಿತ್ತಾ?

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. 'ಕೊನೇ ಗಳಿಗೆಯಲ್ಲಿ ತಂದು ನಮ್ಮ ತಲೆಗೆ ಕಟ್ಟುತ್ತಾರೆ. ಹೆಚ್ಚುಕಮ್ಮಿ ಆದರೆ ಹೆಸರು ಕೆಡುವುದು ನಮ್ಮದು' ಎನ್ನುತ್ತೀರಿ. ನಿಜ. ಹೊರಗೆ ಆಗಿಹೋದ ತಪ್ಪಿಗೆ ಕೋರ್ಟಿನಲ್ಲಿ ನಿಲ್ಲಲು ಯಾರಿಗೂ ಇಷ್ಟ ಇರುವುದಿಲ್ಲ. ಆದರೆ ಅವರು ಕೊನೇ ಗಳಿಗೆಯವರೆಗೆ ಯಾಕೆ ಕಾಯುತ್ತಾರೆ ಎಂದು ಯೋಚಿಸಿ ನೋಡಿ. ಬೈಗುಳ ಗ್ಯಾರಂಟಿ ಎಂದು ಗೊತ್ತಿದ್ದರೆ, ನೋವು ತಿನ್ನುತ್ತಿರುವವಳು 'ಇನ್ನೊಂದು ಗಂಟೆ ನೋಡೋಣ' ಎನ್ನುತ್ತಾಳೆ. ಮಿಡ್‌ವೈಫ್ ಕೂಡ ಹಿಂದೆಮುಂದೆ ನೋಡುತ್ತಾಳೆ. ಆ ಒಂದು ಗಂಟೆ ಮಗುವಿನದು. ತಡವಾಗಿ ಬಂದಳು ಎಂದು ಬೈದರೆ, ಮುಂದಿನವಳು ಇನ್ನೂ ತಡವಾಗಿ ಬರುತ್ತಾಳೆ.

ಇನ್ನು, ಈ ಹೆಂಗಸರು ಮನೆ ಬೇಕು ಎನ್ನುವುದಾದರೂ ಯಾಕೆ? ಫ್ಯಾಷನ್ನು ಎಂದು ನಿಮ್ಮಲ್ಲಿ ಕೆಲವರು ನಗುತ್ತೀರಿ. ನಾನು ಮಾತಾಡಿಸಿದ ಹೆಚ್ಚಿನವರು ಮನೆಯನ್ನು ಹುಡುಕಿಕೊಂಡು ಹೋದವರಲ್ಲ, ಲೇಬರ್ ವಾರ್ಡಿಗೆ ಹೆದರಿ ಹೋದವರು. ನನ್ನ ಚೊಚ್ಚಲ ಹೆರಿಗೆಯಲ್ಲಿ ಒಳಗೆ ನನ್ನವರು ಅಂತ ಒಬ್ಬರೂ ಇರಲಿಲ್ಲ. ಅಂಗಾತ ಮಲಗಿಸಿ ಮಗುವಿನ ಎದೆಬಡಿತ ನೋಡುವ ಬೆಲ್ಟನ್ನು ಹೊಟ್ಟೆಗೆ ಕಟ್ಟಿದರು, ಪಕ್ಕಕ್ಕೆ ಹೊರಳಿದರೆ ಮೆಷಿನ್ ಕೂಗುತ್ತಿತ್ತು. ನೀರು ಕೇಳಿದರೆ ಕೊಡಲಿಲ್ಲ. 'ಮುಕ್ಕು, ಮುಕ್ಕು' ಎಂದು ಮೂರು ಜನ ಒಟ್ಟಿಗೆ ಕಿರುಚುತ್ತಿದ್ದರು. ನನಗೂ ಮಗುವಿಗೂ ಏನೂ ಆಗಲಿಲ್ಲ, ಅದು ದೊಡ್ಡದೇ. ಆದರೆ ಎರಡನೆಯ ಬಸಿರು ಎಂದು ಗೊತ್ತಾದ ದಿನ ನನಗೆ ಮೊದಲು ನೆನಪಾಗಿದ್ದು ಆ ಬೆಲ್ಟು.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ. ಬಸುರಿ ಬಯಸಿದವರು ಜೊತೆಗಿರಲಿ. ಓಡಾಡಲಿ, ತನಗೆ ಅನುಕೂಲವಾದ ಹಾಗೆ ಕೂರಲಿ, ಕುಕ್ಕರಗಾಲಲ್ಲಾದರೂ ಹೆರಲಿ. ತೊಂದರೆ ಇಲ್ಲದವಳಿಗೆ ಕುಡಿಯಲು, ತಿನ್ನಲು ಕೊಡಿ. ಆರೋಗ್ಯವಾಗಿರುವವಳು ಬಂದ ಕೂಡಲೇ ಎದೆಬಡಿತದ ಬೆಲ್ಟ್ ಕಟ್ಟುವುದು ಬೇಡ. ಮಗು ಹೊರಬರುವ ದಾರಿಯನ್ನು ಎಲ್ಲರಿಗೂ ಕೊಯ್ದು ಹೊಲಿಗೆ ಹಾಕುವುದು ಬೇಡ. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆದುಕೊಳ್ಳಲೇಬೇಕು ಎಂಬ ಹಳೇ ಲೆಕ್ಕವನ್ನೂ ಆ ಸಂಸ್ಥೆ ಕೈಬಿಟ್ಟಿದೆ. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಸಹಜ ಹೆರಿಗೆ ಜಾಸ್ತಿಯಾಗುತ್ತದೆ ಎಂದು ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 26 ಪ್ರಯೋಗಗಳನ್ನು ಒಟ್ಟಿಗೆ ನೋಡಿದವರು 2017ರಲ್ಲಿ ಹೇಳಿದರು. ಇದಕ್ಕೆಲ್ಲ ಹೊಸ ಮೆಷಿನ್ ತರಿಸಬೇಕಾಗಿಲ್ಲ. ಒಂದು ಕುರ್ಚಿ, ಒಂದು ಪರದೆ, ದನಿ ಸ್ವಲ್ಪ ತಗ್ಗಿಸುವುದು.

ಮನಸ್ಸು ಮಾಡಿದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಪಕ್ಕದಲ್ಲೇ, ಕೆಲವು ಕಡೆ ಅದೇ ಕಟ್ಟಡದಲ್ಲೇ, ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ವಿಭಾಗಗಳಿವೆ. 2011ರ ಅಧ್ಯಯನದಲ್ಲಿ ಅಲ್ಲಿ ಹುಟ್ಟಿದ ಮಕ್ಕಳಿಗೆ, ಚೊಚ್ಚಲ ಮಕ್ಕಳೂ ಸೇರಿ, ಡಾಕ್ಟರುಗಳ ವಾರ್ಡಿಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. ತಾಯಂದಿರಿಗೆ ಸಿಸೇರಿಯನ್ನೂ ಕಡಿಮೆ. 2014ರಲ್ಲಿ ಅಲ್ಲಿನ ಸರ್ಕಾರಿ ಮಾರ್ಗಸೂಚಿ ಆರೋಗ್ಯವಂತ ಬಸುರಿಯರಿಗೆ ಇದನ್ನೇ ಸೂಚಿಸಿತು. ಮೊದಲೇ ಹೆತ್ತವರಿಗೆ ಮನೆಯೂ ಆಗಬಹುದು ಎಂದಿತು. ನಿಜ ಹೇಳಬೇಕೆಂದರೆ, ಇಂಥದ್ದೊಂದು ಇದ್ದಿದ್ದರೆ ನನ್ನ ತಂಗಿ ಮನೆಯ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಅದಕ್ಕೆ ಸಮಯ ಬೇಕು, ದುಡ್ಡು ಬೇಕು, ಒಪ್ಪಿದೆ. ನಿಮ್ಮ ಬಾಗಿಲಲ್ಲಿ ಆಗಬೇಕಾದ್ದಕ್ಕೆ ಅದೂ ಬೇಡ. ನಿಮ್ಮ ಲೇಬರ್ ವಾರ್ಡಿಗೆ ನೇರವಾಗಿ ಸೇರುವ ಒಂದು ಫೋನ್ ನಂಬರ್ ಮಿಡ್‌ವೈಫ್‌ಗಳ ಹತ್ತಿರ ಇರಲಿ. ಹೊರಡುವಾಗಲೇ ಅವರು ಫೋನ್ ಮಾಡಲಿ, ನೀವು ರಕ್ತ ಎತ್ತಿಟ್ಟುಕೊಳ್ಳಿ. ಬಂದ ಕೂಡಲೇ ಅವರನ್ನು ಒಳಗೆ ಕರೆದು, ಅವರು ಬರೆದ ಹಾಳೆ ಇಸಿದುಕೊಂಡು ಓದಿ, ಎರಡು ನಿಮಿಷ ಕೇಳಿಸಿಕೊಳ್ಳಿ. ಅವರು ತಪ್ಪು ಮಾಡಿದ್ದರೆ ಆಮೇಲೆ ಕೂರಿಸಿಕೊಂಡು ಕೇಳಿ, ಖಂಡಿತ ಕೇಳಿ, ಬಾಣಂತಿಯ ಮುಂದೆ ಬೇಡ. ಹೀಗೆ ಬಂದವರ ಲೆಕ್ಕ ಇಡಿ: ಎಷ್ಟು ಜನ, ಯಾವ ಕಾರಣಕ್ಕೆ, ಕೊನೆಗೆ ಏನಾಯಿತು. ಅಮೆರಿಕದಲ್ಲಿ ಡಾಕ್ಟರುಗಳು, ಮಿಡ್‌ವೈಫ್‌ಗಳು, ತಾಯಂದಿರು ಒಟ್ಟಿಗೆ ಕೂತು, ಮನೆಯಿಂದ ಆಸ್ಪತ್ರೆಗೆ ಸಾಗಿಸುವಾಗ ಎರಡೂ ಕಡೆಯವರು ಹೇಗೆ ನಡೆದುಕೊಳ್ಳಬೇಕು ಎಂದು ಬರೆದಿಟ್ಟಿದ್ದಾರೆ. ಮನೆ ಹೆರಿಗೆಯ ಬಗ್ಗೆ ಅಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯ ಇದೆ ಎಂದಲ್ಲ, ಭಾರೀ ಜಗಳವೇ ಇದೆ. ಆದರೂ ಕೂತರು.

ಮಿಡ್‌ವೈಫ್‌ಗಳಿಗೂ ಒಂದು ಮಾತು. ತಂತಮ್ಮ ಬಸುರಿಯರಿಗೆ ನಡುವೆ ಆಸ್ಪತ್ರೆಗೆ ಹೋಗಬೇಕಾದವರ ಈ 45 ಮತ್ತು 12ರ ಲೆಕ್ಕವನ್ನು ಮೊದಲ ಭೇಟಿಯಲ್ಲೇ ಹೇಳಿ. 'ಏನೂ ಆಗಲ್ಲ, ಧೈರ್ಯವಾಗಿರಿ' ಎಂದಷ್ಟೇ ಹೇಳಿ ಕಳಿಸುವವರು ನಿಮ್ಮಲ್ಲೂ ಇದ್ದಾರೆ. ಅಂಥವರ ಕೈಗೆ ನನ್ನ ತಂಗಿಯನ್ನು ನಾನು ಒಪ್ಪಿಸುತ್ತಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ, ಮನೆಯಿಂದ ಬರುವವರನ್ನು ನಾವು ಮೊದಲೇ ಒಪ್ಪಿಕೊಂಡು ನೋಂದಾಯಿಸಿಕೊಳ್ಳುವುದಿಲ್ಲ ಎನ್ನುವ ಆಸ್ಪತ್ರೆಗಳು ಇರಬಹುದು. ಹಾಗಿದ್ದರೆ ಅದನ್ನು ಮೂರನೇ ತಿಂಗಳ ತಪಾಸಣೆಯಲ್ಲೇ, ಕಾಗದದ ಮೇಲೆ ಬರೆದು ಕೊಡಿ. ಬೇರೆ ಆಸ್ಪತ್ರೆ ಹುಡುಕಿಕೊಳ್ಳಲು, ಅಥವಾ ಮನೆಯ ಯೋಚನೆಯನ್ನೇ ಬಿಡಲು ಅವಳಿಗೆ ಸಮಯ ಇರುತ್ತದೆ. ತುರ್ತಾಗಿ ಬಂದವಳಿಗೆ ಮಾತ್ರ ಇಲ್ಲ ಎನ್ನುವಂತಿಲ್ಲ, ಅವಳು ಎಲ್ಲಿಂದಲೇ ಬಂದಿರಲಿ.

ಇಂತಿ,
ಇಬ್ಬರು ಮಕ್ಕಳ ತಾಯಿ